ಗಾಜು ಹಾಕಿಸುವ ಮೊದಲು ಬ್ಯಾಟರಿ ನೋಡಿಸಿ

ಪ್ರಶ್ನೆ: ನಾನು ಶಿರಸಿಯಲ್ಲಿ ಸಂಗೀತ ಪಾಠ ಹೇಳುತ್ತೇನೆ, ವಯಸ್ಸು 58. ನನ್ನಲ್ಲಿ ಹತ್ತು ಇಂಚಿನ ಒಂದು ಟ್ಯಾಬ್ ಇದೆ, 2021ರ ಕೊನೆಗೆ ತೆಗೆದುಕೊಂಡಿದ್ದು. ಆನ್‌ಲೈನ್ ಪಾಠ, ತಂಬೂರಿ ಆ್ಯಪ್, ಸಾಹಿತ್ಯ ನೋಡಿಕೊಂಡು ಹಾಡುವುದು ಎಲ್ಲಕ್ಕೂ ಅದೇ. ಹೋದ ತಿಂಗಳು ಹಾರ್ಮೋನಿಯಂ ಮೇಲಿಂದ ಚಾಪೆಯ ಮೇಲೆ ಜಾರಿ ಬಿತ್ತು. ಅದೇನೂ ಎತ್ತರವಲ್ಲ, ಆದರೂ ಗಾಜಿನಲ್ಲಿ ಎರಡು ಉದ್ದನೆಯ ಬಿರುಕು ಬಂತು. ಚಿತ್ರ ಸರಿಯಾಗಿಯೇ ಕಾಣುತ್ತದೆ, ಆದರೆ ಬಲಗಡೆ ಎರಡು ಬೆರಳಗಲದಷ್ಟು ಜಾಗ ಮುಟ್ಟಿದರೆ ಕೆಲಸ ಮಾಡುವುದಿಲ್ಲ. ಬೀಳುವ ಮೊದಲೇ ಒಂದು ಬದಿಯಲ್ಲಿ ಗಾಜು ಸ್ವಲ್ಪ ಎದ್ದಿತ್ತು. ಗೋಂದು ಬಿಟ್ಟಿರಬೇಕು ಎಂದುಕೊಂಡು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಚಾರ್ಜ್ ಮಾಡುವುದು ಇನ್ವರ್ಟರ್ ಪಕ್ಕದ ಪಾಯಿಂಟಿನಲ್ಲಿ, ಟ್ಯಾಬನ್ನು ಇನ್ವರ್ಟರ್ ಮೇಲೆಯೇ ಇಟ್ಟಿರುತ್ತೇನೆ. ಇಲ್ಲಿಯ ಅಂಗಡಿಯವರು ಗಾಜು ಬದಲಿಸಲು 4,500 ರೂಪಾಯಿ ಹೇಳಿದರು, ‘ಒರಿಜಿನಲ್ಲೇ ಹಾಕಿಕೊಡ್ತೇನೆ’ ಅಂದರು. ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಲ್ಲಿ 17,000 ಆಗುತ್ತದೆ ಅಂದರು, ಒಳಗಿನ ಡೇಟಾಕ್ಕೆ ತಾವು ಜವಾಬ್ದಾರರಲ್ಲ ಎಂದು ಸಹಿಯನ್ನೂ ಕೇಳಿದರು. ಅದರಲ್ಲಿ ತೀರಿಹೋದ ನನ್ನ ಅಮ್ಮ ಹಾಡಿದ ಮದುವೆಯ ಹಾಡುಗಳ ರೆಕಾರ್ಡಿಂಗ್ ಇದೆ, ಬೇರೆಲ್ಲೂ ಇಲ್ಲ. ಬಿಚ್ಚಿದರೆ ಅದು ಹೋಗಿಬಿಡುತ್ತದೆಯೇ? ಅಂಗಡಿಯಲ್ಲಿ ಮಾಡಿಸಲೋ, ಸರ್ವಿಸ್ ಸೆಂಟರಿಗೆ ಕೊಡಲೋ, ಹೊಸದನ್ನೇ ತೆಗೆದುಕೊಳ್ಳಲೋ? ಮೈಸೂರಿಗೆ ನಿಮಗೇ ಬಸ್ಸಿನಲ್ಲಿ ಪಾರ್ಸೆಲ್ ಹಾಕಬಹುದೇ? ಮುಂದಿನ ವಾರ ಮಕ್ಕಳ ಕಾರ್ಯಕ್ರಮ ಇದೆ, ಅಲ್ಲಿಯವರೆಗೆ ಹೀಗೇ ಬಳಸಬಹುದೇ?

ಉತ್ತರ: ಅಮ್ಮಾ, ನೀವು ಕೇಳಿದ್ದು ಗಾಜಿನ ಬಗ್ಗೆ, ಆದರೆ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ರಬ್ಬರ್ ಬ್ಯಾಂಡಿನ ಮೇಲೆ. ಮೊದಲು ಅದನ್ನು ತೆಗೆಯಿರಿ. ಚಾರ್ಜರ್ ಕಳಚಿ, ಟ್ಯಾಬ್ ಆಫ್ ಮಾಡಿ, ಬರಿ ನೆಲದ ಮೇಲೋ ಕಡಪ ಕಲ್ಲಿನ ಮೇಲೋ ಇಡಿ. ಹಾಸಿಗೆ, ಮರದ ಕಪಾಟು, ಪುಸ್ತಕದ ರಾಶಿ ಇವುಗಳ ಹತ್ತಿರ ಬೇಡ. ಇಷ್ಟು ಮಾಡಿ ಬಂದ ಮೇಲೆ ಉಳಿದದ್ದನ್ನು ಓದಿ.

ಕಾರಣ ಹೇಳುತ್ತೇನೆ. ಗಾಜು ಬೀಳುವ ಮೊದಲೇ ಎದ್ದಿತ್ತು ಎಂದು ಬರೆದಿದ್ದೀರಿ. ಗೋಂದು ತಾನಾಗಿ ಬಿಟ್ಟು ಗಾಜು ಏಳುವುದು ಇಲ್ಲವೆಂದಲ್ಲ, ಆದರೆ ಹದಿನಾಲ್ಕು ವರ್ಷದ ರಿಪೇರಿ ಕೆಲಸದಲ್ಲಿ ನಾನು ಕಂಡಂತೆ ಅದು ಅಪರೂಪ. ನಾಲ್ಕೈದು ವರ್ಷ ಬಳಸಿದ ಟ್ಯಾಬಿನಲ್ಲಿ ಗಾಜು ಒಂದು ಬದಿ ಎದ್ದಿದ್ದರೆ, ಕೆಳಗಿನಿಂದ ಅದನ್ನು ಏನೋ ಎತ್ತುತ್ತಿದೆ ಎಂದು ಅರ್ಥ. ಎತ್ತುವ ವಸ್ತು ಅಲ್ಲಿ ಇರುವುದು ಒಂದೇ, ಬ್ಯಾಟರಿ. ಅದು ಊದಿಕೊಂಡಿರಬೇಕು. ಕೈಯಲ್ಲಿ ಹಿಡಿದು ನೋಡದೆ ಖಂಡಿತ ಎನ್ನಲಾರೆ, ಆದರೆ ನೀವು ಬರೆದ ಬಿರುಕಿನ ವಿವರವೂ ಅದನ್ನೇ ಹೇಳುತ್ತಿದೆ. ಪೆಟ್ಟಿನಿಂದ ಒಡೆದ ಗಾಜಿಗೆ ಒಂದು ಗುರುತಿರುತ್ತದೆ. ಪೆಟ್ಟು ಬಿದ್ದ ಮೂಲೆಯಲ್ಲಿ ಗಾಜು ಪುಡಿಯಾಗಿರುತ್ತದೆ, ಅಲ್ಲಿಂದ ಜೇಡರ ಬಲೆಯಂತೆ ಸುತ್ತಲೂ ಎಳೆಗಳು ಹೊರಟಿರುತ್ತವೆ. ಅಂಥ ಪುಡಿಯಾದ ಜಾಗವೇ ಇಲ್ಲದೆ ಉದ್ದಕ್ಕೆ ಒಂದೆರಡು ಬಿರುಕು ಓಡಿದ್ದರೆ, ಆ ಗಾಜು ಮೊದಲೇ ಬಾಗಿ ಬಿಗಿದು ನಿಂತಿತ್ತು ಎಂದು ಅನುಮಾನಿಸಬೇಕು. ಚಾಪೆಯ ಮೇಲೆ ಬಿದ್ದದ್ದು ಒಂದು ನೆಪ, ಅಷ್ಟೆ. ರಬ್ಬರ್ ಬ್ಯಾಂಡ್ ಹಾಕಿದಾಗ ಆ ಬಿಗಿತ ಇನ್ನಷ್ಟು ಹೆಚ್ಚಿತು.

ಮನೆಯಲ್ಲೇ ನೋಡಬಹುದಾದ ಪರೀಕ್ಷೆ ಇದೆ. ಸಮತಟ್ಟಾದ ಕಲ್ಲಿನ ಮೇಲೆ ಟ್ಯಾಬನ್ನು ಬೆನ್ನಡಿಯಾಗಿ ಮಲಗಿಸಿ ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಸರಿಯಿರುವ ಟ್ಯಾಬ್ ಜರುಗುತ್ತದೆ, ಹೊಟ್ಟೆ ಬಂದದ್ದು ಬುಗುರಿಯಂತೆ ತಿರುಗುತ್ತದೆ ಇಲ್ಲವೇ ಆಚೀಚೆ ತೊನೆದಾಡುತ್ತದೆ. ಬೆನ್ನು ಗಟ್ಟಿ ಲೋಹದ್ದಾಗಿದ್ದರೆ ಅದು ಬಾಗದೆ ಗಾಜೇ ಏಳುತ್ತದೆ. ಆಗ ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನ ಗುಂಟ ನೋಡಿ, ಒಂದು ಕಡೆ ಸಂದು ಅಗಲವಾಗಿರುತ್ತದೆ. ಪರದೆಯ ನಡುವೆ ಬಿಳಿಚಿದ ಮಚ್ಚೆ ಕಂಡಿದ್ದರೆ ಅದೂ ಕೆಳಗಿನ ಒತ್ತಡದ್ದೇ. ಎದ್ದ ಕಡೆ ಒತ್ತಿ ಮಾತ್ರ ನೋಡಬೇಡಿ.

ಬ್ಯಾಟರಿ ಊದುವುದು ಯಾಕೆ? ಟ್ಯಾಬಿನ ಬ್ಯಾಟರಿ ಎಂದರೆ ತೆಳ್ಳನೆಯ ಬೆಳ್ಳಿ ಬಣ್ಣದ ಚೀಲ. ಅದರೊಳಗೆ ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ಎರಡೂ ಮುಟ್ಟದಂತೆ ನಡುವೆ ಪ್ಲಾಸ್ಟಿಕ್ಕಿನ ತೆಳುವಾದ ಪರದೆ, ಇವೆಲ್ಲವನ್ನೂ ತೋಯಿಸಿರುವ ದ್ರವ. ಆ ದ್ರವ ಹೊತ್ತಿಕೊಳ್ಳುವಂಥದ್ದು. ಕಾಲ ಕಳೆದಂತೆ ಅದು ನಿಧಾನಕ್ಕೆ ಕೆಡುತ್ತದೆ, ಕೆಡುವಾಗ ಅನಿಲ ಹುಟ್ಟುತ್ತದೆ. ಚೀಲದ ಬಾಯಿ ಬಿಗಿದಿರುವುದರಿಂದ ಅನಿಲಕ್ಕೆ ಹೊರದಾರಿಯಿಲ್ಲ. ಕೆಟ್ಟ ಹಾಲಿನ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ಲ, ಹಾಗೆ. ಇದು ಎಲ್ಲ ಲಿಥಿಯಂ ಬ್ಯಾಟರಿಗಳ ಹಣೆಬರಹ, ಒಂದು ಕಂಪನಿಯ ತಪ್ಪು ಎನ್ನಲಾಗದು. ಬೇಗ ಕೆಡಿಸುವ ಸಂಗತಿ ಎರಡು: ಬಿಸಿ, ಮತ್ತು ಸದಾ ನೂರಕ್ಕೆ ನೂರು ತುಂಬಿಕೊಂಡೇ ಇರುವುದು. ರಾತ್ರಿಯಿಡೀ ಚಾರ್ಜಿಗಿಟ್ಟರೆ ಬ್ಯಾಟರಿಗೆ ಮಿತಿಮೀರಿ ಕರೆಂಟು ನುಗ್ಗುತ್ತದೆ ಎಂಬ ನಂಬಿಕೆ ತಪ್ಪು. ತುಂಬಿದೊಡನೆ ಒಳಗಿನ ಸರ್ಕೀಟು ನಿಲ್ಲಿಸುತ್ತದೆ. ಆದರೆ ವರ್ಷಗಟ್ಟಲೆ ವೈರು ಸಿಕ್ಕಿಸಿಯೇ ಇಟ್ಟರೆ ಬ್ಯಾಟರಿ ತನ್ನ ಅತಿ ಹೆಚ್ಚಿನ ವೋಲ್ಟೇಜಿನಲ್ಲೇ, ಅಂದರೆ 4.2ರಿಂದ 4.4 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಆ ಸ್ಥಿತಿಯಲ್ಲಿ ದ್ರವ ಕೆಡುವುದು ಹೆಚ್ಚು. ನೀವು ಅದನ್ನು ಇಟ್ಟದ್ದು ಇನ್ವರ್ಟರ್ ಮೇಲೆ. ಇನ್ವರ್ಟರ್ ತನ್ನ ಬ್ಯಾಟರಿ ತುಂಬಿಸುವಾಗಲೂ ಬಿಸಿಯಾಗುತ್ತದೆ, ಕರೆಂಟು ಹೋದಾಗ ಮನೆಗೆ ಕೊಡುವಾಗಲೂ ಬಿಸಿಯಾಗುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋಗಿ ಬರುವ ಪರಿ ನನಗೆ ಗೊತ್ತು. ನಾಲ್ಕು ವರ್ಷ ಆ ಟ್ಯಾಬ್ ಬೆಚ್ಚಗಿನ ಹಾಸಿಗೆಯ ಮೇಲೆ ಹೊಟ್ಟೆ ತುಂಬಿಸಿಕೊಂಡು ಮಲಗಿತ್ತು.

ಊದಿದ ಬ್ಯಾಟರಿಗೆ ಮನೆಮದ್ದು ಹೇಳುವವರು ಬಹಳ ಜನ. ಫ್ರಿಜ್ಜಿನಲ್ಲಿಟ್ಟರೆ ಊತ ಇಳಿಯುತ್ತದೆ ಎನ್ನುತ್ತಾರೆ. ತಣ್ಣಗಾದಾಗ ಅನಿಲ ಕೊಂಚ ಕುಗ್ಗಬಹುದು, ಹೊರಗೆ ತೆಗೆದ ಮೇಲೆ ಮತ್ತೆ ಅಷ್ಟೇ, ಜೊತೆಗೆ ಬೋರ್ಡಿನ ಮೇಲೆ ನೀರಹನಿ ಕೂರುತ್ತದೆ. ಸೂಜಿಯಿಂದ ಚುಚ್ಚಿ ಗಾಳಿ ಬಿಡಿ ಎನ್ನುವವರೂ ಇದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಸೂಜಿ ಆ ಎರಡು ಲೋಹದ ಹಾಳೆಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಒಳಗೇ ಶಾರ್ಟ್ ಆಗಿ ಕ್ಷಣದಲ್ಲಿ ಬೆಂಕಿ. ನನ್ನ ಮೇಜಿನ ಮೇಲೆಯೇ ಒಮ್ಮೆ ಆಗಿದೆ. ಕೆಲಸ ಕಲಿಯುತ್ತಿದ್ದ ಹುಡುಗ ಅಂಟಿಕೊಂಡ ಬ್ಯಾಟರಿಯನ್ನು ಎಬ್ಬಿಸಲು ಪ್ಲಾಸ್ಟಿಕ್ ಕಾರ್ಡ್ ಬಿಟ್ಟು ಸ್ಟೀಲ್ ಪಟ್ಟಿ ತೂರಿಸಿದ. ಚರ್ ಎಂದು ಒಂದು ಸದ್ದು, ನೇಲ್ ಪಾಲಿಶ್ ತೆಗೆಯುವ ದ್ರವದ ಹಾಗೆ ಸಿಹಿ ಘಾಟು, ಆಮೇಲೆ ದಟ್ಟ ಬಿಳಿ ಹೊಗೆ. ಇಕ್ಕಳದಲ್ಲಿ ಹಿಡಿದು ಅಂಗಳಕ್ಕೆ ಎಸೆದೆವು, ಅಲ್ಲಿ ಮೊಳದುದ್ದ ಉರಿ ಎದ್ದಿತು. ಅಂದಿನಿಂದ ನನ್ನ ಮೇಜಿನ ಕೆಳಗೆ ಒಂದು ಬಕೆಟ್ ಮರಳು ಇದ್ದೇ ಇರುತ್ತದೆ. ನೀವು ರಿಪೇರಿಗೆ ಹೋದ ಅಂಗಡಿಯಲ್ಲಿ ಅಂಥ ಮರಳಿನ ಬಕೆಟ್ ಕಂಡರೆ, ಆತ ಕೆಲಸ ತಿಳಿದವನು ಎಂದುಕೊಳ್ಳಬಹುದು.

ಊದಿದ ಬ್ಯಾಟರಿಗಳೆಲ್ಲ ಸಿಡಿಯುತ್ತವೆ ಎಂದು ಹೆದರಿಸುತ್ತಿಲ್ಲ. ಊದಿದ್ದನ್ನು ಮುಟ್ಟದೆ, ಚುಚ್ಚದೆ, ಒತ್ತದೆ, ಚಾರ್ಜ್ ಮಾಡದೆ ಇಟ್ಟರೆ ಅದು ಸಾಮಾನ್ಯವಾಗಿ ಸುಮ್ಮನೇ ಇರುತ್ತದೆ. ಅಪಾಯ ಹೆಚ್ಚುವುದು ಚಾರ್ಜಿಗೆ ಹಾಕಿದಾಗ, ಮತ್ತು ಒತ್ತಿದಾಗ. ಈಗ ನಿಮ್ಮ ಅಂಗಡಿಯವರು ಏನು ಮಾಡಲು ಹೊರಟಿದ್ದಾರೆ ನೋಡಿ. ಹಳೆ ಗಾಜು ತೆಗೆದು, ಊದಿದ ಬ್ಯಾಟರಿಯ ಮೇಲೆ ಹೊಸ ಗಾಜು ಇಟ್ಟು, ಅಂಟು ಹಿಡಿಯಲೆಂದು ಕ್ಲಿಪ್ಪು ಹಾಕಿ ರಾತ್ರಿಯಿಡೀ ಒತ್ತಿಡುತ್ತಾರೆ. ಹಾಗಾದರೆ ಹೊಸ ಗಾಜು ತಿಂಗಳೊಳಗೆ ಒಡೆಯುತ್ತದೆ, ‘ನೀವು ಬೀಳಿಸಿದ್ದೀರಿ’ ಎಂಬ ಮಾತೂ ಬರುತ್ತದೆ. ಅವರು ಮೋಸ ಮಾಡುತ್ತಿದ್ದಾರೆ ಎಂದು ನನಗನ್ನಿಸುವುದಿಲ್ಲ. ಗಾಜು ಒಡೆದಿದೆ ಎಂದು ಕೊಟ್ಟಾಗ ಗಾಜನ್ನಷ್ಟೇ ನೋಡುವುದು ನಮ್ಮ ಕಸುಬಿನಲ್ಲಿ ಬೇರೂರಿದ ರೂಢಿ.

ಇನ್ನು ನಿಮ್ಮ ನಿಜವಾದ ಚಿಂತೆ, ಅಮ್ಮನ ಹಾಡುಗಳು. ಬ್ಯಾಟರಿ ತೆಗೆದರೆ ಅವು ಹೋಗುವುದಿಲ್ಲ, ಗಾಜು ತೆಗೆದರೂ ಹೋಗುವುದಿಲ್ಲ. ರೆಕಾರ್ಡಿಂಗ್ ಇರುವುದು ಮುಖ್ಯ ಬೋರ್ಡಿಗೆ ಬೆಸೆದಿರುವ ಮೆಮೊರಿ ಚಿಪ್ಪಿನಲ್ಲಿ. ಕರೆಂಟೇ ಇಲ್ಲದಿದ್ದರೂ ಅದು ಹಿಡಿದಿಟ್ಟುಕೊಂಡಿರುತ್ತದೆ. ಸರ್ವಿಸ್ ಸೆಂಟರಿನವರು ಸಹಿ ಕೇಳಿದ್ದಕ್ಕೆ ಬೇರೆ ಕಾರಣವಿದೆ. ಎಷ್ಟೋ ಕಡೆ ಟ್ಯಾಬನ್ನು ರೀಸೆಟ್ ಮಾಡಿಯೇ, ಅಂದರೆ ಒಳಗಿನದನ್ನೆಲ್ಲ ಅಳಿಸಿಯೇ ಕೈಗೆತ್ತಿಕೊಳ್ಳುತ್ತಾರೆ, ಕೆಲವು ಸಲ ಬೋರ್ಡನ್ನೇ ಬದಲಿಸುತ್ತಾರೆ, ಇನ್ನು ಕೆಲವು ಸಲ ಇಡೀ ಟ್ಯಾಬನ್ನು ತೆಗೆದುಕೊಂಡು ಬೇರೆಯದನ್ನು ಕೊಡುತ್ತಾರೆ. ಐಪ್ಯಾಡ್‌ಗಳಲ್ಲಿ ಈ ಕೊನೆಯದೇ ಬಹುಕಾಲದ ಪದ್ಧತಿ. ಕೊಟ್ಟ ಟ್ಯಾಬ್ ಮರಳಿ ಬಾರದಿದ್ದರೆ ಹಾಡೂ ಬಾರದು. ಈಗಿನ ಟ್ಯಾಬ್‌ಗಳಲ್ಲಿ ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಬರೆದಿಡುವುದರಿಂದ, ಬೋರ್ಡ್ ಸತ್ತರೆ ಮೆಮೊರಿ ಚಿಪ್ಪನ್ನು ಕಿತ್ತು ಇನ್ನೊಂದು ಬೋರ್ಡಿಗೆ ಹಾಕಿ ಓದಲಿಕ್ಕೂ ಆಗುವುದಿಲ್ಲ. ಹಾಗಾಗಿ ಯಾರಿಗೆ ಕೊಡುವುದಾದರೂ ಬಾಯಿಮಾತಿನಲ್ಲಿ ಬೇಡ, ರಸೀದಿಯಲ್ಲೇ ‘ರೀಸೆಟ್ ಮಾಡಬಾರದು, ಬೋರ್ಡ್ ಬದಲಿಸಬಾರದು’ ಎಂದು ಬರೆಸಿ. ಒಪ್ಪದಿದ್ದರೆ ಹಾಡು ಹೊರಗೆ ತೆಗೆಯುವವರೆಗೆ ಕೊಡಬೇಡಿ.

ಹೊರಗೆ ತೆಗೆಯುವುದು ಹೇಗೆ? ಬಲಗಡೆ ಟಚ್ ಸತ್ತಿದೆ ಎಂದಿರಿ. ಬಟನ್ನುಗಳು ಆ ಜಾಗದಲ್ಲಿದ್ದರೆ ಟ್ಯಾಬನ್ನು ಅಡ್ಡ ತಿರುಗಿಸಿ, ಪರದೆಯ ಚಿತ್ರವೂ ತಿರುಗುವುದರಿಂದ ಬಟನ್ನು ಬೇರೆ ಜಾಗಕ್ಕೆ ಬರುತ್ತದೆ. ಅದೂ ಆಗದಿದ್ದರೆ ಕಂಪ್ಯೂಟರಿನ ಸಾದಾ ಯುಎಸ್‌ಬಿ ಮೌಸನ್ನು ಒಟಿಜಿ ಪಿನ್ (ಮೌಸಿನ ತುದಿಯನ್ನು ಟ್ಯಾಬಿಗೆ ಹೊಂದಿಸುವ ಸಣ್ಣ ಜೋಡಣೆ) ಮೂಲಕ ಚಾರ್ಜಿಂಗ್ ಜಾಗಕ್ಕೆ ಸಿಕ್ಕಿಸಿ. ಪರದೆಯ ಮೇಲೆ ಬಾಣದ ಗುರುತು ಬರುತ್ತದೆ, ಬೆರಳಿನ ಕೆಲಸವನ್ನೆಲ್ಲ ಮೌಸ್ ಮಾಡುತ್ತದೆ. ಐಪ್ಯಾಡ್ ಆದರೆ ಅದರದೇ ಅಡಾಪ್ಟರ್ ಬೇಕು. ಈ ಉಪಾಯ ಗೊತ್ತಿಲ್ಲದೆ ಎಷ್ಟೋ ಜನ ‘ಟಚ್ ಹೋಯಿತು, ಫೋಟೊ ಎಲ್ಲ ಹೋಯಿತು’ ಎಂದು ಅತ್ತುಕೊಂಡು ಬಂದದ್ದನ್ನು ನೋಡಿದ್ದೇನೆ. ಇನ್ನೂರು ರೂಪಾಯಿಯ ಮೌಸಿನಲ್ಲಿ ಎಲ್ಲವೂ ಸಿಕ್ಕಿದೆ.

ಆದರೆ ಈ ಕೆಲಸಕ್ಕೆ ಟ್ಯಾಬನ್ನು ಆನ್ ಮಾಡಬೇಕು. ಉಳಿದಿರುವ ಚಾರ್ಜಿನಲ್ಲೇ, ಕಲ್ಲಿನ ಮೇಲಿಟ್ಟು, ಪಕ್ಕದಲ್ಲೇ ಕುಳಿತು ಮಾಡಿ. ಹಾಡಿನ ಕಡತಗಳು ದೊಡ್ಡವಲ್ಲ, ಮನೆಯ ವೈಫೈನಲ್ಲಿ ಗೂಗಲ್ ಡ್ರೈವಿಗೆ ಏರಿಸಿ ಅಥವಾ ನಿಮ್ಮ ಫೋನಿಗೇ ಕಳಿಸಿಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಆಗ ಧ್ವನಿಯ ಗುಣಮಟ್ಟ ಹಾಗೇ ಉಳಿಯುತ್ತದೆ. ಏರಿದವೇ ಎಂದು ಫೋನಿನಲ್ಲಿ ಒಂದೆರಡು ಹಾಡು ಕೇಳಿ ಖಚಿತ ಮಾಡಿಕೊಳ್ಳಿ. ಟ್ಯಾಬ್ ಬಿಸಿಯಾಯಿತು ಎನಿಸಿದರೆ ಅಲ್ಲಿಗೇ ಆಫ್ ಮಾಡಿ. ಚಾರ್ಜ್ ಮುಗಿದುಹೋಗಿದ್ದರೆ ಇನ್ನೊಂದು ಸಲಕ್ಕೆಂದು ಚಾರ್ಜಿಗೆ ಹಾಕಬೇಡಿ. ಹೊಸ ಬ್ಯಾಟರಿ ಕೂತ ಮೇಲೆ ಅಂಗಡಿಯಲ್ಲೇ ಕುಳಿತು ತೆಗೆದುಕೊಂಡರಾಯಿತು.

ಈಗ ಗಾಜಿಗೆ ಬರೋಣ. ನೀವು ಹೇಳಿದ ಎರಡು ಬೆಲೆಗಳ ನಡುವೆ ಇಷ್ಟು ಅಂತರ ಯಾಕೆ ಎಂಬುದು ಇಲ್ಲಿದೆ. ಟ್ಯಾಬಿನ ಮುಂಭಾಗ ಎರಡು ಪದರ. ಮೇಲಿನದು ಗಾಜು, ಅದರ ಒಳಮೈಯಲ್ಲಿ ಬೆರಳನ್ನು ಗುರುತಿಸುವ ಟಚ್. ಕೆಳಗಿನದು ಚಿತ್ರ ತೋರಿಸುವ ಡಿಸ್ಪ್ಲೇ. ಕೆಲವು ಮಾದರಿಗಳಲ್ಲಿ ಇವೆರಡು ಬೇರೆ ಬೇರೆ, ನಡುವೆ ಕೂದಲೆಳೆಯಷ್ಟು ಗಾಳಿ. ಐಪ್ಯಾಡ್ ಸಾಲಿನಲ್ಲಿ ಕಡಿಮೆ ಬೆಲೆಯ ಸಾದಾ ಮಾದರಿಗಳು, 2021ರ ಒಂಬತ್ತನೇ ತಲೆಮಾರು, 2022ರ ಹತ್ತನೆಯದು ಇಂಥವು. ಇವುಗಳಲ್ಲಿ ಗಾಜು ಒಂದನ್ನೇ ಬದಲಿಸಬಹುದು. ಐಪ್ಯಾಡ್ ಪ್ರೊ, ಐಪ್ಯಾಡ್ ಏರ್ 2 ಮತ್ತು ಆಮೇಲಿನ ಏರ್‌ಗಳು, ಹೆಚ್ಚಿನ ಆಂಡ್ರಾಯ್ಡ್ ಟ್ಯಾಬ್‌ಗಳು, ಇವುಗಳಲ್ಲಿ ಎರಡೂ ಪದರವನ್ನು ಪಾರದರ್ಶಕ ಅಂಟಿನಿಂದ ಒಂದೇ ಮಾಡಿಬಿಟ್ಟಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ಇದಕ್ಕೆ ಕಾಂಬೊ ಎನ್ನುತ್ತಾರೆ, ಫೋಲ್ಡರ್ ಎಂದೂ ಅನ್ನುತ್ತಾರೆ. ಇಲ್ಲಿ ಗಾಜು ಒಡೆದರೂ ಇಡೀ ಕಾಂಬೊ ಹಾಕಬೇಕು, ಬೆಲೆ ಏರುವುದು ಅದಕ್ಕೆ. ಯಂತ್ರದಲ್ಲಿ ಬಿಸಿಮಾಡಿ, ತೆಳ್ಳನೆಯ ತಂತಿಯಿಂದ ಗಾಜನ್ನು ಕೊಯ್ದು ಬೇರ್ಪಡಿಸಿ ಹೊಸ ಗಾಜು ಅಂಟಿಸುವವರು ಬೆಂಗಳೂರಿನ ಎಸ್.ಪಿ. ರೋಡ್ ಸುತ್ತ ಇದ್ದಾರೆ. ಫೋನಿನ ಅಳತೆಯಲ್ಲಿ ಅದು ಸಲೀಸು, ಹತ್ತು ಇಂಚಿನಲ್ಲಿ ಡಿಸ್ಪ್ಲೇ ಬಿರುಕು ಬಿಡುವ ಸಂಭವ ಹೆಚ್ಚು. ಬಿರುಕು ಬಿಟ್ಟರೆ ಆ ಖರ್ಚು ಯಾರದು ಎಂದು ಮೊದಲೇ ಕೇಳಿಕೊಳ್ಳಬೇಕು.

ನಿಮ್ಮದು ಯಾವ ಬಗೆ? ಹಾಡು ತೆಗೆಯಲೆಂದು ಟ್ಯಾಬ್ ಆನ್ ಮಾಡಿದಾಗಲೇ ಓರೆಯಾಗಿ ನೋಡಿ. ಅಕ್ಷರಗಳು ಗಾಜಿನ ಮೇಲೆಯೇ ಬರೆದ ಹಾಗೆ ಕಂಡರೆ ಕಾಂಬೊ. ಗಾಜಿನ ಕೆಳಗೆ ಸ್ವಲ್ಪ ಆಳದಲ್ಲಿ, ಹೊಂಡದ ತಳದಲ್ಲಿ ಕಂಡ ಹಾಗಿದ್ದರೆ ಬೇರೆ ಬೇರೆ. ಗಾಜು ಒಡೆದು ಟಚ್ ಒಂದು ಪಟ್ಟಿಯಷ್ಟು ಸತ್ತು ಚಿತ್ರಕ್ಕೆ ಏನೂ ಆಗದಿರುವುದನ್ನು ನೋಡಿದರೆ, ಅಂಗಡಿಯವರು ಹೇಳಿದ 4,500ರ ಲೆಕ್ಕವನ್ನು ನೋಡಿದರೆ, ನಿಮ್ಮದು ಬೇರೆ ಬೇರೆ ಇರುವ ಮಾದರಿ ಎಂದು ನನ್ನ ಊಹೆ.

ಹಾಗಿದ್ದರೆ ಕೆಲಸ ಸುಲಭವೇ? ಓದಲಿಕ್ಕೆ ಸುಲಭ. ಗಾಜಿನ ಅಂಚನ್ನು ಮೆಲ್ಲಗೆ ಬಿಸಿ ಮಾಡಿ, ಅಂಟು ಮೆತ್ತಗಾದಾಗ ಗಿಟಾರ್ ಮೀಟುವ ಬಿಲ್ಲೆಯಂಥ ಪ್ಲಾಸ್ಟಿಕ್ ಚೂರನ್ನು ತೂರಿಸಿ, ಸುತ್ತಲೂ ಎಳೆದುಕೊಂಡು ಹೋಗಬೇಕು. ಬಿಸಿ ಹೆಚ್ಚಾದರೆ ಡಿಸ್ಪ್ಲೇ ಹಳದಿಯಾಗುತ್ತದೆ. ಕೆಳಗೆ ಊದಿದ ಬ್ಯಾಟರಿ ಇದೆ ಎಂಬುದನ್ನಂತೂ ಮರೆಯುವಂತಿಲ್ಲ, ಹೀಟ್ ಗನ್ ಹಿಡಿದು ನಿಲ್ಲುವ ಹೊತ್ತಲ್ಲ ಅದು. ಅಂಚಿನಲ್ಲಿ ಬಿಲ್ಲೆ ಆಳಕ್ಕೆ ಹೋದರೆ ವೈಫೈ ಆಂಟೆನಾದ ತೆಳು ಪಟ್ಟಿ ತುಂಡಾಗುತ್ತದೆ. ‘ಗಾಜು ಹಾಕಿಸಿದ ಮೇಲೆ ನೆಟ್ ನಿಧಾನ’ ಎಂದು ಜನ ದೂರುವುದು ಹೆಚ್ಚಾಗಿ ಇದರಿಂದಲೇ. ಹೋಮ್ ಬಟನ್ನಿನಲ್ಲಿ ಬೆರಳಚ್ಚು ಓದುವ ಐಪ್ಯಾಡ್‌ಗಳಲ್ಲಿ ಆ ಬಟನ್ ಅದೇ ಬೋರ್ಡಿಗೆ ಜೋಡಿ, ಹಳೆ ಗಾಜಿನಿಂದ ಅದನ್ನು ಬಿಡಿಸಿ ಹೊಸದಕ್ಕೆ ಕೂರಿಸಬೇಕು. ಅದರ ಸ್ಟ್ರಿಪ್, ಅಂದರೆ ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ, ಹರಿದರೆ ಬೇರೆ ಬಟನ್ ತಂದು ಹಾಕಿದರೂ ಬೆರಳಚ್ಚು ಮತ್ತೆ ಕೆಲಸ ಮಾಡದು. ಇನ್ನೊಂದು ಎಚ್ಚರವಿದೆ, ತಿಳಿಯದವರು ತಪ್ಪುವುದೇ ಇಲ್ಲಿ: ಡಿಸ್ಪ್ಲೇಯ ಸ್ಟ್ರಿಪ್ ಮುಟ್ಟುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ತಪ್ಪಿಸದಿದ್ದರೆ ಬೋರ್ಡಿನ ಮೇಲೆ ಹಿಂಬೆಳಕಿನ ಫ್ಯೂಸಿನಂಥ ಸಣ್ಣ ಭಾಗ ಸುಟ್ಟು ಪರದೆ ಕತ್ತಲಾಗುತ್ತದೆ. ಟಾರ್ಚಿನ ಬೆಳಕು ಹಾಯಿಸಿ ನೋಡಿದರೆ ಮಾತ್ರ ಮಂಕಾಗಿ ಚಿತ್ರ ಕಾಣುತ್ತದೆ. ಆಗ ಕೆಲವರು ‘ಡಿಸ್ಪ್ಲೇಯೂ ಹೋಗಿದೆ’ ಎಂದು ಇನ್ನೊಂದು ಬಿಲ್ ಕೈಗಿಡುತ್ತಾರೆ.

ಮೂಲೆ ನೆಗ್ಗಿದೆಯೇ ಎಂದೂ ನೋಡಿ. ಲೋಹದ ಚೌಕಟ್ಟಿನ ಮೂಲೆ ಅಕ್ಕಿಕಾಳಿನಷ್ಟು ಒಳಗೆ ಬಂದಿದ್ದರೂ ಅದನ್ನು ನೇರ ಮಾಡದೆ ಗಾಜು ಕೂರಿಸಿದರೆ, ಅಲ್ಲಿಂದಲೇ ಮತ್ತೆ ಒಡೆಯುತ್ತದೆ. ಚಾಪೆಗೆ ಬಿದ್ದದ್ದಾದ್ದರಿಂದ ನಿಮ್ಮದು ನೆಗ್ಗಿರಲಿಕ್ಕಿಲ್ಲ.

‘ಒರಿಜಿನಲ್’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊರಗಿನ ಅಂಗಡಿಯಲ್ಲಿ ಆ ಪದಕ್ಕೆ ಮೂರು ಅರ್ಥ. ಕಂಪನಿಯೇ ತನ್ನ ಸರ್ವಿಸಿಗಾಗಿ ಕಳಿಸುವ ಭಾಗ ಒಂದು, ಇದು ಹೊರಗೆ ಸಿಗುವುದು ಕಡಿಮೆ. ಬೋರ್ಡ್ ಸತ್ತ ಇನ್ನೊಂದು ಟ್ಯಾಬಿನಿಂದ ಬಿಚ್ಚಿ ತೆಗೆದ ಭಾಗ ಇನ್ನೊಂದು, ಚೆನ್ನಾಗಿದ್ದರೆ ಡಿಸ್ಪ್ಲೇಗೆ ನಾನು ಇದನ್ನೇ ಇಷ್ಟಪಡುತ್ತೇನೆ. ಮೂರನೆಯದು ಕಾಪಿ. ಗಾಜಿನಲ್ಲಿ ಕಾಪಿ ಹಾಕಿದರೆ ಮಹಾ ಅನಾಹುತವಿಲ್ಲ. ಬೆರಳು ಜಾರುವ ನುಣುಪು ಕಡಿಮೆ, ಪೆನ್ನಿನಿಂದ ಬರೆಯುವುದು ಕೆಲವು ಕಾಪಿ ಗಾಜಿನಲ್ಲಿ ಸರಿಬರುವುದಿಲ್ಲ. ನೀವು ಸ್ವರಪ್ರಸ್ತಾರ ಪೆನ್ನಿನಲ್ಲಿ ಬರೆಯುವವರಾದರೆ ಇದನ್ನು ಮೊದಲೇ ಹೇಳಿ.

ಬ್ಯಾಟರಿಯಲ್ಲಿ ಮಾತ್ರ ರಾಜಿ ಬೇಡ. ಬಿಚ್ಚಿ ತೆಗೆದ ಹಳೆಯ ಬ್ಯಾಟರಿ ಯಾವ ಕಾರಣಕ್ಕೂ ಬೇಡ. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗಳಿಗೆ ಐಎಸ್ 16046 ಮಾನದಂಡದಂತೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಬ್ಯಾಟರಿಯ ಮೇಲೆ ಆ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪಿನಲ್ಲಿ ಆ ಸಂಖ್ಯೆ ಹೊಡೆದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ತಯಾರಾದ ತಿಂಗಳನ್ನೂ ನೋಡಿ. ಮೂರು ವರ್ಷ ಅಂಗಡಿಯ ಕಪಾಟಿನಲ್ಲಿ ಕೊಳೆತದ್ದು ಹೊಸದಾದರೂ ಹಳೆಯದೇ. ಅದೇ ಗಾತ್ರದ ಬ್ಯಾಟರಿಗೆ ಕಂಪನಿಯದಕ್ಕಿಂತ ಬಹಳ ಹೆಚ್ಚು ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬರೆದಿದ್ದರೆ ಆ ಅಂಕಿ ಸುಳ್ಳು. ಅಂದಹಾಗೆ, ಹೊಸ ಬ್ಯಾಟರಿಯನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕು ಎಂದು ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಿ, ಅದು ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು.

ಹಾಗಾದರೆ ಏನು ಮಾಡಿಸಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಹಾಡುಗಳನ್ನು ಹೊರಗೆ ತೆಗೆಯುತ್ತಿದ್ದೆ. ಆಮೇಲೆ ಅದೇ ಅಂಗಡಿಗೆ ಹೋಗಿ, ‘ಗಾಜು ಆಮೇಲೆ, ಬ್ಯಾಟರಿ ಊದಿದೆಯೇ ನೋಡಿ’ ಎಂದು ಹೇಳುತ್ತಿದ್ದೆ. ಆತ ನೋಡಿ ಒಪ್ಪಿಕೊಂಡರೆ, ಊದಿದ ಬ್ಯಾಟರಿಯನ್ನು ಹಿಂದೆ ಬದಲಿಸಿದ ಅನುಭವ ಇದ್ದರೆ, ಬ್ಯಾಟರಿ ಮತ್ತು ಗಾಜು ಎರಡನ್ನೂ ಒಂದೇ ಸಲ ಮಾಡಿಸುತ್ತಿದ್ದೆ. ಎರಡು ಸಲ ಬಿಚ್ಚಿದರೆ ಅಪಾಯವೂ ಎರಡು ಸಲ, ಕೂಲಿಯೂ ಎರಡು ಸಲ. ಬ್ಯಾಟರಿಗೆ ಇನ್ನೊಂದೆರಡು ಸಾವಿರ ಸೇರಿದರೂ ನಿಮ್ಮ ಖರ್ಚು ಏಳು ಸಾವಿರದೊಳಗೆ ನಿಲ್ಲಬೇಕು. ಆತ ‘ಬ್ಯಾಟರಿಗೆ ಏನೂ ಆಗಿಲ್ಲ, ಒತ್ತಿ ಕೂರಿಸುತ್ತೇನೆ’ ಎಂದರೆ ಟ್ಯಾಬ್ ವಾಪಸು ತೆಗೆದುಕೊಂಡು ಬನ್ನಿ. ಗೋಂದು ಹಾಕುವ ಮೊದಲು ನಿಮ್ಮ ಕೈಗೆ ಕೊಟ್ಟು ಟಚ್ ತೋರಿಸಲಿ. ಒಂದು ಆ್ಯಪಿನ ಗುರುತನ್ನು ಒತ್ತಿ ಹಿಡಿದು ಪರದೆಯ ಮೇಲೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಎಲ್ಲಿ ಅದು ಬೆರಳಿನಿಂದ ಕಳಚಿ ಬೀಳುತ್ತದೋ ಅಲ್ಲಿ ಟಚ್ ಇಲ್ಲ.

ಸರ್ವಿಸ್ ಸೆಂಟರಿನ ದಾರಿಯಲ್ಲಿ ಭಾಗಗಳ ಬಗ್ಗೆ ಅನುಮಾನವಿಲ್ಲ, ಮಾಡಿದ ಕೆಲಸಕ್ಕೆ ವಾರಂಟಿಯೂ ಇರುತ್ತದೆ. ಆದರೆ ನಾಲ್ಕು ವರ್ಷ ದಾಟಿದ ಟ್ಯಾಬಿಗೆ 17,000 ಎಂಬುದು ನನಗೆ ಒಪ್ಪಿಗೆಯಾಗುವುದಿಲ್ಲ. ಆ ಹಣಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಬ್ಯಾಟರಿ, ಹೊಸ ಗಾಜು, ಮುಂದಿನ ವರ್ಷಗಳ ಅಪ್‌ಡೇಟ್ ಎಲ್ಲವೂ ಇರುವ ಹೊಸ ಟ್ಯಾಬೇ ಬರುತ್ತದೆ. ನಿಮ್ಮದು ಕಾಂಬೊ ಮಾದರಿ ಎಂದು ತಿಳಿದರೆ ಮೂರನೆಯ ದಾರಿ ಇದೆ. ಬ್ಯಾಟರಿ ಮಾತ್ರ ಬದಲಿಸಿ, ಒಡೆದ ಗಾಜಿನ ಮೇಲೆ ಚೂರು ಏಳದಂತೆ ಒಂದು ಫಿಲ್ಮ್ ಅಂಟಿಸಿ, ಮೌಸ್ ಸಿಕ್ಕಿಸಿಕೊಂಡು ಮನೆಪಾಠಕ್ಕೆ ಬಳಸುವುದು. ನೋಡಲು ಚಂದವಲ್ಲ, ಕೆಲಸ ನಡೆಯುತ್ತದೆ. ಬಿಚ್ಚುವಾಗ ಆ ಬಿರುಕು ಬೆಳೆಯಬಹುದು ಎಂಬುದನ್ನು ಒಪ್ಪಿಕೊಂಡೇ ಇದಕ್ಕೆ ಕೈಹಾಕಬೇಕು.

ನಿಮಗೆ ಅನುಕೂಲವಾದೀತೆಂದು ಒಂದು ಮಾತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರೈಟ್ ಟು ರಿಪೇರ್’ ಎಂಬ ಪೋರ್ಟಲ್ ತೆರೆದಿದೆ. ಕಂಪನಿಗಳ ಸರ್ವಿಸ್, ವಾರಂಟಿ, ಬಿಡಿಭಾಗಗಳ ಮಾಹಿತಿ ಅಲ್ಲಿ ಒಂದೆಡೆ ಸಿಗುತ್ತದೆ. ಬಿಲ್ಲಿನಲ್ಲಿ ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915.

ನನಗೆ ಪಾರ್ಸೆಲ್ ಕಳಿಸುವ ಮಾತು ಬೇಡ. ನಿಮ್ಮ ಟ್ಯಾಬ್ ಬರುವುದು ನನಗೆ ಸಂತೋಷವೇ, ಆದರೆ ಊದಿದ ಬ್ಯಾಟರಿ ಇರುವ ವಸ್ತುವನ್ನು ಬಸ್ಸಿನ ಡಿಕ್ಕಿಯಲ್ಲಿ, ಚೀಲಗಳ ಅಡಿಯಲ್ಲಿ, ಘಟ್ಟದ ರಸ್ತೆಯಲ್ಲಿ ರಾತ್ರಿಯಿಡೀ ಕಳಿಸಿದರೆ ಮೇಲೆ ಮಲಗಿರುವ ಪ್ರಯಾಣಿಕರಿಗೆ ಅಪಾಯ. ಕೆಟ್ಟ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸಲಿಕ್ಕಂತೂ ನಿಷೇಧವೇ ಇದೆ, ಕೊರಿಯರ್ ಕೂಡ ಬೇಡ. ಶಿರಸಿಯಲ್ಲೇ ಮಾಡಿಸಿ. ಹುಬ್ಬಳ್ಳಿಗೆ ಹೋಗಲೇಬೇಕಾದರೆ ಕೈಚೀಲದಲ್ಲಿ, ಆಫ್ ಮಾಡಿ, ಮೇಲೆ ಭಾರ ಬೀಳದಂತೆ ನೀವೇ ಒಯ್ಯಿರಿ. ತೆಗೆದ ಹಳೆ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಗಾಡಿಯಲ್ಲಿ ಒತ್ತಿದಾಗ ಅದು ಹೊತ್ತಿಕೊಳ್ಳಬಹುದು. ಹಳೆ ಬ್ಯಾಟರಿಗಳನ್ನು ಮರಳಿ ಪಡೆದು ವಿಲೇವಾರಿ ಮಾಡಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹಾಕಿವೆ. ಹುಬ್ಬಳ್ಳಿ ಕಡೆ ಹೋದಾಗ ಕಂಪನಿಯ ಸರ್ವಿಸ್ ಸೆಂಟರಿಗೆ ಒಪ್ಪಿಸಿಬನ್ನಿ.

ಹೊಸ ಬ್ಯಾಟರಿ ಕೂತ ಮೇಲೆ ಇನ್ವರ್ಟರ್ ಮೇಲಿನ ಜಾಗ ಬಿಡಿಸಿ. ವೈರು ಉದ್ದದ್ದು ತಂದು, ಗಾಳಿಯಾಡುವ ಮೇಜಿನ ಮೇಲೆ ಚಾರ್ಜ್ ಮಾಡಿ. ಇತ್ತೀಚಿನ ಹಲವು ಟ್ಯಾಬ್‌ಗಳಲ್ಲಿ ಚಾರ್ಜನ್ನು 80 ಅಥವಾ 85ಕ್ಕೇ ನಿಲ್ಲಿಸುವ ಆಯ್ಕೆ ಬ್ಯಾಟರಿ ಸೆಟ್ಟಿಂಗಿನಲ್ಲಿ ಇರುತ್ತದೆ, ಇದ್ದರೆ ಹಾಕಿಡಿ. ಇಲ್ಲದಿದ್ದರೆ ಪಾಠ ಮುಗಿದೊಡನೆ ವೈರು ಕಳಚುವ ಅಭ್ಯಾಸ ಸಾಕು.

ಇನ್ನು ಮುಂದಿನ ವಾರದ ಕಾರ್ಯಕ್ರಮ. ಬೇಡ ಅಮ್ಮಾ, ಆ ಟ್ಯಾಬನ್ನು ವೇದಿಕೆಗೆ ಒಯ್ಯಬೇಡಿ. ಹಾಡುವ ಮಕ್ಕಳು ಅದರ ಮೊಳದಳತೆಯಲ್ಲಿ ಕುಳಿತಿರುತ್ತಾರೆ, ಕಾರ್ಯಕ್ರಮ ಉದ್ದವಾದರೆ ಯಾರಾದರೂ ಚಾರ್ಜಿಗೆ ಸಿಕ್ಕಿಸಿಯೂ ಬಿಡುತ್ತಾರೆ. ತಂಬೂರಿ ಆ್ಯಪ್ ಫೋನಿನಲ್ಲೂ ನಡೆಯುತ್ತದೆ, ಒಂದು ಸಣ್ಣ ಸ್ಪೀಕರಿಗೆ ಜೋಡಿಸಿದರೆ ಸಭೆಗೂ ಕೇಳುತ್ತದೆ. ಸಾಹಿತ್ಯವನ್ನು ಆ ಒಂದು ದಿನಕ್ಕೆ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಅಂಗಡಿಯವರು ಟ್ಯಾಬ್ ಬಿಚ್ಚಿದಾಗ ಒಳಗಿನ ಬ್ಯಾಟರಿಯ ಫೋಟೊ ತೆಗೆದು ನನಗೆ ಕಳಿಸಿ, ನೋಡಿದ ದಿನವೇ ಉತ್ತರಿಸುತ್ತೇನೆ.